ಆಟ ಕಟ್ಟುವ ಮಕ್ಕಳಿಗೆ ಯಾವ ಎಂಜಿನ್?
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ನಾವು ಒಂದು ಅರ್ಜಿಯನ್ನು ತಿರಸ್ಕರಿಸಿದ್ದೆವು. ಇದೇ ವಿಮಾನಪುರದ ಹುಡುಗ, ಡಿಪ್ಲೊಮಾ ಓದುತ್ತಿದ್ದ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ‘ಕಂಪ್ಯೂಟರ್ ಗೇಮ್ ಮಾಡುವುದನ್ನು ಕಲಿಯಲು’ ಎಂದು ಬರೆದಿದ್ದ. ದಾನಿಗಳ ಹಣ ನಮ್ಮ ಕೈಯಲ್ಲಿರುವ ಅಮಾನತ್ತು, ಅದನ್ನು ಆಟಕ್ಕೆ ಕೊಡುವುದೇ ಎಂದು ಸಮಿತಿಯಲ್ಲಿ ಮೊದಲು ಕೇಳಿದವರು ನಾವೇ. ಬೆಂಚಿನ ಕೆಳಗಿಂದ ಮೊಬೈಲ್ ಕಿತ್ತುಕೊಂಡೇ ನಿವೃತ್ತರಾದ ಮೇಷ್ಟ್ರಿಗೆ ಬೇರೇನು ತೋಚೀತು?

ಈ ವರ್ಷ ಅವನು ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ‘ಸರ್, ಐದೇ ನಿಮಿಷ ನೋಡಿ’ ಎಂದ. ತಾರಸಿಯ ಮೇಲೆ ಒಬ್ಬ ಹುಡುಗ ಗಾಳಿಪಟ ಹಾರಿಸುತ್ತಾನೆ. ಎಚ್‌ಎಎಲ್ ಕಡೆಯಿಂದ ವಿಮಾನ ಬಂದರೆ ಬೇಗ ದಾರ ಸುತ್ತಿಕೊಳ್ಳಬೇಕು. ನಾವು ಮೂರು ಸಲ ಸೋತೆವು. ನಾಲ್ಕನೆಯ ಸಲ ಅವನೇ ಲ್ಯಾಪ್‌ಟಾಪ್ ವಾಪಸ್ ಕೇಳಿದ!

ಅವನಿಂದ ಕಲಿತದ್ದನ್ನು ಪೋಷಕರಿಗೆ ಹೇಳಬೇಕು. ಗೇಮ್ ಎಂಜಿನ್ ಎಂದರೆ ಹೊಲಿಗೆ ಮಷೀನು ಇದ್ದ ಹಾಗೆ. ಬಟ್ಟೆ, ಅಳತೆ, ಕತ್ತರಿಸುವುದು ನಿಮ್ಮದು. ಹೊಲಿಗೆ ಹಾಕುವ ಯಂತ್ರವನ್ನು ನೀವು ತಯಾರಿಸಬೇಕಿಲ್ಲ. ಚಿತ್ರ ಓಡುವುದು, ಸದ್ದು ಬರುವುದು, ಚೆಂಡು ಗೋಡೆಗೆ ಬಡಿದು ಹಿಂದಿರುಗುವುದು ಇವೆಲ್ಲ ಎಂಜಿನ್‌ನಲ್ಲಿ ಸಿದ್ಧವಾಗಿರುತ್ತವೆ. ಯಾವ ಮಷೀನು ಕೊಳ್ಳಬೇಕು ಎಂಬುದೇ ಪ್ರಶ್ನೆ.

ಹುಡುಗ ಮೊದಲು ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದ. ಅವರು ಹೇಳಿದ ಫೀಸು ಆ ತಾಯಿಯ ಹಲವು ತಿಂಗಳ ಸಂಪಾದನೆ. ಮನೆಗೆ ಬಂದು ಯೂನಿಟಿ ಹಾಕಿಕೊಂಡ. ಅದು ಹಲವಾರು ಜಿಬಿ ತಿನ್ನುತ್ತದೆ. ಅವನ ನಾಲ್ಕು ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಉಸಿರುಗಟ್ಟಿತು. ಅನ್‌ರಿಯಲ್ ಇನ್ನೂ ಭಾರ, ಅದನ್ನು ಆ ಯಂತ್ರದಲ್ಲಿ ಕೇಳುವುದೇ ಬೇಡ. ಕೊನೆಗೆ ಗೊಡೊ ಎಂಬುದನ್ನು ಹಿಡಿದ. ಅರ್ಜೆಂಟೀನಾದ ಇಬ್ಬರು ಶುರುಮಾಡಿದ್ದು, 2014ರಲ್ಲಿ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಬಿಟ್ಟುಕೊಟ್ಟರು. ಇಳಿಸಿಕೊಳ್ಳುವುದು ನೂರು ಎಂಬಿ ಆಸುಪಾಸು. ದುಡ್ಡಿಲ್ಲ, ಪಾಲು ಕೊಡಬೇಕಿಲ್ಲ. ಅದರ ಭಾಷೆ ಕಾಲೇಜಿನಲ್ಲಿ ಕಲಿಸುವ ಪೈಥಾನ್‌ಗೆ ಹತ್ತಿರ.

ನಮ್ಮ ಮನಸ್ಸು ಕರಗಿದ್ದು ಮಾತ್ರ ಅಕ್ಷರದಿಂದ. ಅವನ ಆಟದಲ್ಲಿ ಸೂಚನೆಗಳು ಕನ್ನಡದಲ್ಲೂ ಉರ್ದುವಿನಲ್ಲೂ ಇವೆ. ಒತ್ತಕ್ಷರ ಸರಿಯಾಗಿ ಕೆಳಗೆ ಕೂತಿದೆ, ಉರ್ದು ಬಲದಿಂದ ಎಡಕ್ಕೆ ಹರಿಯುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೊಡೊ ನಾಲ್ಕನೆಯ ಆವೃತ್ತಿಯಿಂದ ಈ ಸೌಲಭ್ಯವಿದೆಯಂತೆ. ಯೂನಿಟಿಯಲ್ಲಿ ಪ್ರಯತ್ನಿಸಿದಾಗ ‘ಅಮ್ಮ’ ಎಂಬ ಪದ ಒಡೆದು ಬಿದ್ದಿತ್ತು ಎಂದು ತೋರಿಸಿದ. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ.

ಹಾಗೆಂದು ಯೂನಿಟಿಯನ್ನು ಹಳಿಯುವಂತಿಲ್ಲ. ಆದಾಯ ಒಂದು ಮಿತಿ ದಾಟುವವರೆಗೆ ಅದೂ ಉಚಿತ. ಮೊಬೈಲ್ ಗೇಮ್ ಕಂಪನಿಗಳಲ್ಲಿ ಕೆಲಸಕ್ಕೆ ಹೋದರೆ ಅದನ್ನೇ ಕೇಳುವವರು ಬಹಳ. ಆದರೆ 2023ರ ಸೆಪ್ಟೆಂಬರಿನಲ್ಲಿ ಆ ಕಂಪನಿ, ಆಟ ಒಂದೊಂದು ಸಲ ಇನ್‌ಸ್ಟಾಲ್ ಆದಾಗಲೂ ಶುಲ್ಕ ಎಂದು ಸಾರಿತು. ದೊಡ್ಡ ಸಂಖ್ಯೆ ದಾಟಿದವರಿಗೆ ಮಾತ್ರ ಅನ್ವಯ, ನಮ್ಮ ಮಕ್ಕಳಿಗೆ ತಟ್ಟುತ್ತಿರಲಿಲ್ಲ. ಆದರೂ ಹಳೆಯ ಆಟಗಳಿಗೂ ಹೊಸ ನಿಯಮ ಎಂದಾಗ ಜಗತ್ತಿನಾದ್ಯಂತ ಸಣ್ಣ ಆಟ ಮಾಡುವವರು ಸಿಟ್ಟಾದರು. ಕೆಲವೇ ದಿನಗಳಲ್ಲಿ ಸಡಿಲಿಸಿ, ಮರುವರ್ಷ ಸೆಪ್ಟೆಂಬರಿನಲ್ಲಿ ಪೂರ್ತಿ ಕೈಬಿಟ್ಟರು. ಬಾಡಿಗೆ ಮನೆಯಲ್ಲಿರುವವರಿಗೆ ಈ ಭಯ ಗೊತ್ತು.

ಗೊಡೊಗೂ ಕೊರತೆಗಳಿವೆ. ಅದನ್ನೇ ಕೇಳುವ ಉದ್ಯೋಗ ಜಾಹೀರಾತು ಕಡಿಮೆ. ಆದ್ದರಿಂದ ಮೊದಲ ಎರಡು ಮೂರು ಸಣ್ಣ ಆಟ ಗೊಡೊದಲ್ಲಿ ಮುಗಿಸಿ, ಆಮೇಲೆ ಒಳ್ಳೆಯ ಕಂಪ್ಯೂಟರ್ ಸಿಕ್ಕಾಗ ಯೂನಿಟಿ ಕಲಿಯಿರಿ ಎಂಬುದು ನಮ್ಮ ಅಭಿಪ್ರಾಯ. ಹೈಸ್ಕೂಲಿನ ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್ ಸಾಕು. ಬಣ್ಣದ ತುಂಡುಗಳನ್ನು ಜೋಡಿಸಿದರೆ ಬೆಕ್ಕು ನಡೆಯುತ್ತದೆ.

ಇದು ಹೊಟ್ಟೆ ಹೊರೆಯುವ ವಿದ್ಯೆಯೇ ಎಂದು ಒಬ್ಬ ದಾನಿಗಳು ಕೇಳಿದರು, ನ್ಯಾಯವಾದ ಪ್ರಶ್ನೆ. ಧ್ರುವ ಇಂಟರ್‌ಆ್ಯಕ್ಟಿವ್ ನಮ್ಮ ಬೆಂಗಳೂರಿನಲ್ಲಿ 1997ರಲ್ಲೇ ಶುರುವಾಯಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದಿತು. ಕೆಲಸ ಖಚಿತ ಎಂದು ನಾವು ಮಾತು ಕೊಡುವುದಿಲ್ಲ. ಡಿಪ್ಲೊಮಾ ಬಿಡಬೇಡ ಎಂದು ಆ ಹುಡುಗನಿಗೂ ಹೇಳಿದ್ದೇವೆ. ಬಿಡುವುದಿಲ್ಲ ಎಂದು ತಾಯಿಯ ಎದುರು ಒಪ್ಪಿದ್ದಾನೆ.

ಅವನ ಅರ್ಜಿ ಈ ಬಾರಿ ಮಂಜೂರಾಗಿದೆ. ಕೋರ್ಸಿನ ಫೀಸಿಗಲ್ಲ, ಲ್ಯಾಪ್‌ಟಾಪಿನ ರ್‍ಯಾಮ್ ಹೆಚ್ಚಿಸಲು ಮತ್ತು ಒಂದು ವರ್ಷದ ಇಂಟರ್‌ನೆಟ್ಟಿಗೆ. ಮುಂದಿನ ಸಾಲಿನಲ್ಲಿ ಈ ವಿಷಯಕ್ಕೆ ಅರ್ಜಿ ಹಾಕುವವರು ಅಂಕಪಟ್ಟಿಯ ಜೊತೆಗೆ ತಾವೇ ಮಾಡಿದ ಒಂದು ಆಟವನ್ನು ಪೆನ್‌ಡ್ರೈವಿನಲ್ಲಿ ತರಬೇಕು. ಎಷ್ಟೇ ಚಿಕ್ಕದಿರಲಿ, ಶುರುವಿನಿಂದ ಕೊನೆಯವರೆಗೆ ಆಡಲು ಬರುವಂತಿರಲಿ. ಗಾಳಿಪಟದ ಆಟ ಹಿಂದಿನ ಮೇಜಿನ ಮೇಲಿದೆ, ಚಹಾ ಆದ ಮೇಲೆ ದಾನಿಗಳು ಆಡಿ ನೋಡಬಹುದು.