ಕುದುರೆಯ ಗೊರಸು

ಚಿತ್ರದುರ್ಗದ ಕೋಟೆಯನ್ನು ಹತ್ತಿದವರಿಗೆ ಅಲ್ಲಿಯ ಬಂಡೆಯ ಗಡುಸು ಅಂಗಾಲಿಗೇ ತಿಳಿದಿರುತ್ತದೆ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಪಾಳೆಯಗಾರರದಾಗಿದ್ದ ಆ ನೆಲದ ಮೇಲೆ ಕುದುರೆಯ ಕಾಲು ಹೇಗೆ ತಾಳಿತೋ ಎಂದು ನಾನು ಅಲ್ಲಿ ನಿಂತು ಯೋಚಿಸಿದ್ದುಂಟು. ಹಿರಿಯೂರಿನ ಕಡೆ ಇಳಿದರೆ ಎರೆಭೂಮಿ. ಮಳೆ ಬಿದ್ದರೆ ಹೆಜ್ಜೆ ಹೂತುಹೋಗುತ್ತದೆ. ಹೊಳಲ್ಕೆರೆ ಹೊಸದುರ್ಗಗಳಲ್ಲಿ ಕೆಮ್ಮಣ್ಣು, ಕಲ್ಲುಹರಳು. ಒಂದೇ ಸೀಮೆಯಲ್ಲಿ ಇಷ್ಟು ಬಗೆಯ ನೆಲವಿರುವಾಗ, ಕುದುರೆಗೆ ಲಾಳ ಬೇಕೆ ಬೇಡವೆ ಎಂಬುದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ನಂಬತಕ್ಕದ್ದಲ್ಲ.

ಗೊರಸು ನಮ್ಮ ಉಗುರಿನ ಜಾತಿಯದೇ. ತಿಂಗಳಿಗೆ ಕಾಲು ಅಂಗುಲ, ಅಥವಾ ತುಸು ಹೆಚ್ಚಾಗಿ ಬೆಳೆಯುತ್ತದೆ. ಅದರ ಮುಂಭಾಗವು ಮೇಲಿನಿಂದ ಕೆಳಗಿನವರೆಗೆ ಹೊಸದಾಗಲು ಸುಮಾರು 12 ತಿಂಗಳು ಬೇಕು. ಬರಿಗಾಲಿನ ಕುದುರೆ ಬೆಳೆದುದನ್ನು ಬಹುಮಟ್ಟಿಗೆ ನೆಲಕ್ಕೇ ತೇದುಕೊಳ್ಳುತ್ತದೆ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್, ಗೊರಸು ಗಟ್ಟಿಯಾಗಲೆಂದು ಲಾಯದ ಅಂಗಳದಲ್ಲಿ ಗುಂಡುಕಲ್ಲು ಹರಡಿಸಿರೆಂದು ಬರೆದನು. ನಮ್ಮ ದುರ್ಗದಲ್ಲಿ ಆತನಿಗೆ ಕಲ್ಲು ಹುಡುಕುವ ಕಷ್ಟವಿರುತ್ತಿರಲಿಲ್ಲ! ಆದರೆ ಡಾಂಬರು ರಸ್ತೆಯಲ್ಲಿ ದಿನವಿಡೀ ಜಟಕಾ ಎಳೆಯುವ ಕುದುರೆಗೆ ಸವೆತವು ಬೆಳವಣಿಗೆಯನ್ನು ಮೀರುತ್ತದೆ. ಅದಕ್ಕೆ ಕಬ್ಬಿಣ ಬೇಕು.

ಲಾಳ ಹೊಡೆಸಿದೊಡನೆ ಚಿಂತೆ ತೀರಿತೆಂದು ತಿಳಿಯುವುದೇ ದೊಡ್ಡ ತಪ್ಪು. ಕಬ್ಬಿಣ ಸವೆಯದಿದ್ದರೂ ಅದರ ಮೇಲೆ ಗೊರಸು ಬೆಳೆಯುತ್ತಲೇ ಇರುತ್ತದೆ. ತುದಿ ಉದ್ದವಾದಂತೆ ಕಾಲಿನ ಹಿಂಬದಿಯ ನರಗಳ ಮೇಲೆ ಎಳೆತ ಹೆಚ್ಚಿ ಪ್ರಾಣಿ ಕುಂಟುತ್ತದೆ. ಯಜಮಾನನು ಲಾಳವನ್ನು ಬೈಯುತ್ತಾನೆ. ಸುಮಾರು 6 ವಾರಕ್ಕೊಮ್ಮೆ ಅದನ್ನು ಕೀಳಿಸಿ, ಗೊರಸನ್ನು ಕತ್ತರಿಸಿ, ಅರದಿಂದ ಸಮಮಾಡಿಸಬೇಕು. ಸವೆಯದ ಲಾಳವನ್ನೇ ಮತ್ತೆ ಹೊಡೆಸಿದರೂ ಆದೀತು.

ಈ ಕತ್ತರಿಸುವುದರಲ್ಲಿಯೇ ಜಾಣ್ಮೆಯೆಲ್ಲ ಇರುವುದು. ತೆಗೆಯತಕ್ಕದ್ದು ಹೆಚ್ಚಾಗಿ ಬೆಳೆದ ಹೊರಗೋಡೆಯನ್ನು. ನಡುವೆ ತ್ರಿಕೋಣದಂತಿರುವ ಮೆತ್ತನೆಯ ಭಾಗವನ್ನು ಅಂದಕ್ಕಾಗಿ ಕೊರೆಯಕೂಡದು. ಹೆಜ್ಜೆಯ ಪೆಟ್ಟನ್ನು ತಾಳುವುದರಲ್ಲಿ ಅದಕ್ಕೂ ಪಾಲುಂಟು. ಗೋಡೆಯು ಅಂಗಾಲನ್ನು ಸೇರುವೆಡೆ ಒಂದು ತೆಳುಬಣ್ಣದ ಗೆರೆ ಕಾಣುತ್ತದೆ. ಮೊಳೆ ಅದರ ಹೊರಗೇ ಹೋಗಬೇಕು; ಒಳಸರಿದರೆ ಜೀವವಿರುವ ಮಾಂಸಕ್ಕೆ ತಗಲುತ್ತದೆ. ಭಾರ ಬಿದ್ದಾಗ ಹಿಮ್ಮಡಿ ಅಗಲಿಸುವುದರಿಂದ ಬಲ್ಲ ನಾಲಬಂದನು ಅಲ್ಲಿ ಮೊಳೆ ಹೊಡೆಯುವುದಿಲ್ಲ.

ನಮ್ಮ ಜನಕ್ಕೆ ಕುದುರೆಗಿಂತ ಎತ್ತಿನ ಲಾಳವೇ ಹೆಚ್ಚು ಪರಿಚಿತವಷ್ಟೆ. ಎತ್ತಿನ ಗೊರಸು ಸೀಳಾಗಿರುವುದರಿಂದ ಕಾಲಿಗೆ ಎರಡು ಬಿಲ್ಲೆಗಳು. ಅದನ್ನು ಹಗ್ಗ ಹಾಕಿ ಕೆಡವಿಯೇ ಹೊಡೆಯುವುದು ರೂಢಿ. ಕುದುರೆಯಾದರೋ ಮೂರು ಕಾಲ ಮೇಲೆ ನಿಂತು ನಾಲ್ಕನೆಯದನ್ನು ನಾಲಬಂದನ ಕೈಗೊಪ್ಪಿಸುತ್ತದೆ. ಒಮ್ಮೆ ನೋಯಿಸಿದವನಿಗೆ ಮುಂದಿನ ಸಲ ಅದು ಸುಲಭವಾಗಿ ಕಾಲು ಕೊಡುವುದಿಲ್ಲ.