ಚಪ್ಪರದ ಹಬ್ಬವೂ ಮಾದಳ ಹಣ್ಣೂ
(ಮೈಸೂರಿನಲ್ಲಿ ಮಾಡಿದ ಭಾಷಣ)



2025ರಲ್ಲಿ ಮೈಸೂರಿನ ಜಂಬೂಸವಾರಿ ಮುಗಿದ ನಾಲ್ಕನೆಯ ದಿನ, ಅಕ್ಟೋಬರ್ 6ರ ಸಂಜೆ, ಯೆಹೂದ್ಯರ ಸುಗ್ಗಿಹಬ್ಬ ಸುಕ್ಕೋತ್ ಆರಂಭವಾಯಿತು. ಮಲೆನಾಡಿನ ಗದ್ದೆಗಳಲ್ಲಿ ಭೂಮಿಪೂಜೆ ನಡೆದದ್ದೂ ಆ ಹುಣ್ಣಿಮೆಯಲ್ಲಿಯೇ.

ಕಣದ ಧಾನ್ಯ, ದ್ರಾಕ್ಷಿಯ ಫಸಲು ಒಳಸೇರಿದ ಮೇಲೆ ಬರುವ ಈ ಹಬ್ಬವು, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಗೊಂಡ ಪೂರ್ವಿಕರು ಮರುಭೂಮಿಯ ಗುಡಿಸಲುಗಳಲ್ಲಿ ಬಾಳಿದುದರ ಸ್ಮರಣೆಯೂ ಹೌದು. ಏಳು ದಿನ ಸೊಪ್ಪು ಹೊದಿಸಿದ ಚಪ್ಪರದಲ್ಲಿ ಊಟ. ಕೈಯಲ್ಲಿ ಖರ್ಜೂರದ ಗರಿ, ಎರಡು ಬಗೆಯ ಸೊಪ್ಪಿನ ಕೊಂಬೆ, ಒಂದು ಮಾದಳ ಹಣ್ಣು.

ಮಾದಳದ ತವರು ಹಿಮಾಲಯದ ತಪ್ಪಲು. ಕಸಿಮಾಡಿದ ಗಿಡದ ಹಣ್ಣು ಹಬ್ಬಕ್ಕೆ ಸಲ್ಲದೆಂಬ ಕಟ್ಟಳೆಯಿಂದಾಗಿ ಅದರ ಹಳೆಯ ತಳಿಗಳು ಉಳಿದುಬಂದಿವೆ. ಆಚರಣೆಯೇ ಅಲ್ಲಿ ತಳಿಯ ಕಾವಲು. ಮಲೆನಾಡಿನ ಹಿತ್ತಿಲ ಮಾದಳಕ್ಕೆ ಅಂತಹ ಕಟ್ಟಳೆಯ ರಕ್ಷಣೆಯಿಲ್ಲ. ಮರವನ್ನು ಕಡಿಯುವ ಮುನ್ನ ಒಂದು ಟೊಂಗೆಯನ್ನಾದರೂ ಬೇರೆಡೆ ನೆಟ್ಟು ಬೇರೂರಿಸಬೇಕು.