ಶಿಶುವರ್ಗದ ಕೋಣೆಯ ಏರ್ಪಾಡು

(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ನಾಡಿನ ಬಹುಭಾಗವು 1956ರ ನವೆಂಬರ 1ರಂದು ಒಂದಾಯಿತು. ಕಾಸರಗೋಡು ಹೊರಗುಳಿದ ನೋವು ಬೇರೆ ಮಾತು. ಅಂದಿನಿಂದ ಏಕೀಕರಣವಾದಿಗಳಾದ ನಮ್ಮ ಮೇಲೆ ಒಂದು ಹೊಣೆ ಬಿದ್ದಿದೆ: ಕನ್ನಡ ಶಾಲೆಯು ಮಗುವಿಗೆ ಬೇಕೆನಿಸುವಂತಿರಬೇಕು. ಆದುದರಿಂದ ಶಿಶುವರ್ಗದ ಕೋಣೆಯ ವಿಷಯವಾಗಿ ಎರಡು ಮಾತು ಅರಿಕೆ ಮಾಡಿಕೊಳ್ಳುವೆವು.

ರೋಮ ನಗರದ ಬಡವರ ಕೇರಿಯಾದ ಸಾನ್ ಲೊರೆಂಜೋದಲ್ಲಿ ವೈದ್ಯೆ ಮರಿಯಾ ಮೊಂಟೆಸೊರಿಯವರು 1907ರಲ್ಲಿ ಶಿಶುಗೃಹವನ್ನು ತೆರೆದರು. ಒಂದು ದಿನ ಅಲ್ಲಿಯ ಶಿಕ್ಷಕಿಯು ತಡವಾಗಿ ಬಂದಳು. ಬೀರುವಿಗೆ ಬೀಗ ಹಾಕುವದನ್ನೂ ಮರೆತಿದ್ದಳು. ಬಂದು ನೋಡಿದರೆ, ಮಕ್ಕಳು ತಾವೇ ಸಾಮಾನುಗಳನ್ನು ತೆಗೆದುಕೊಳ್ಳುತ್ತಿದ್ದರು. ಅವಳು ಇದನ್ನು ಕಳ್ಳತನವೆಂದೆಣಿಸಿದಳು. ಮೊಂಟೆಸೊರಿಯವರು ಆಯ್ಕೆಯೆಂದು ತಿಳಿದರು. ಆಮೇಲೆ ಮಗುವಿನ ಕೈಗೆಟಕುವ ತಗ್ಗಾದ ಕಪಾಟು ಬಂದಿತು.

ನಮ್ಮಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದು, 1995ರಲ್ಲಿ 'ನಲಿ-ಕಲಿ'ಯನ್ನು ಆರಂಭಿಸಿದರು. ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗಾಗಿ ಕರಿಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರಗಳು. ಅಕ್ಷರಗಳು ರ, ಗ, ಸ, ದ, ಅ ಎಂಬ ಕ್ರಮದಿಂದ ಬರುವವು. ಈ ಐದರಿಂದಲೇ ಮಗುವು ಅರಸ, ಅಗಸ, ಗರಗಸ ಎಂದು ಓದಿಬಿಡುವದು. ಮಕ್ಕಳು ಐದು ಗುಂಪುಗಳಾಗಿ ಕುಳಿತುಕೊಳ್ಳುವರು. ಮೊದಲನೆಯದಕ್ಕೆ ಗುರುಗಳ ಪೂರ್ಣ ಸಹಾಯ, ಕಡೆಯದಕ್ಕೆ ಸ್ವಂತ ಕಲಿಕೆ. ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಮಗುವೇ ನೋಡಿಕೊಂಡು ಮುಂದಿನ ಕಾರ್ಡನ್ನು ತೆಗೆದುಕೊಳ್ಳುವದು. ಸುಗ್ಗಿಯಲ್ಲಿ ಹದಿನೈದು ದಿನ ಶಾಲೆ ತಪ್ಪಿದ ಒಕ್ಕಲಿಗನ ಮಗುವು ಬಿಟ್ಟ ಮೆಟ್ಟಿಲಿನಿಂದಲೇ ಏರುವದು. ಇದೊಂದಕ್ಕಾಗಿಯೇ ನಾವು ಈ ಪದ್ಧತಿಗೆ ತಲೆಬಾಗುವೆವು.

ಆದರೆ ಕಾರ್ಡುಗಳು ಬೀರುವಿನಲ್ಲಿ, ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿ ಇರುವ ಶಾಲೆಗಳೂ ಉಂಟು. ಅವರನ್ನು ಹಳಿಯಲಾರೆವು. ಹರಿದ ಕಾರ್ಡಿಗೂ ದಫ್ತರದಲ್ಲಿ ಲೆಕ್ಕ ಕೊಡಬೇಕೆಂಬ ಭಯವಿದ್ದಲ್ಲಿ ಯಾರು ತಾನೇ ಬೀಗ ತೆಗೆದಾರು? ವಕೀಲರಾದ ನಾವು ದಾಖಲೆಯ ಬೆಲೆಯನ್ನು ಬಲ್ಲೆವು. ಆದರೂ ಮಗುವಿನ ಕೈಯಲ್ಲಿ ಸವೆದ ಸಾಮಾನು ನಷ್ಟದ ಬಾಬಿಗೆ ಸೇರತಕ್ಕದ್ದಲ್ಲ. ಆಯಾ ಊರಿನ ಶಾಲಾ ಸಮಿತಿಯು ವರ್ಷಾರಂಭದಲ್ಲಿಯೇ ಠರಾವು ಮಾಡಿ, ಸವೆದುದನ್ನೂ ಕಳೆದುದನ್ನೂ ಖರ್ಚು ಬರೆಯಲು ಉಪಾಧ್ಯಾಯರಿಗೆ ಒಪ್ಪಿಗೆ ಕೊಡಲಿ. ಮೇಲಧಿಕಾರಿಗಳು ಆಕ್ಷೇಪಿಸಿದರೆ ಉತ್ತರ ಕೊಡುವ ಕೆಲಸವನ್ನು ನಮಗೆ ಬಿಡಿರಿ.

ಹಣವಿಲ್ಲವೆಂಬ ಮಾತು ನಿಲ್ಲದು. ಹುಣಿಸೆಬೀಜ, ಗಜ್ಜುಗ, ಮರಳು ತುಂಬಿದ ಹರಿವಾಣ — ಇವಕ್ಕೆ ಎಷ್ಟು ತಗಲುವದು? ನಮ್ಮ ಹಿರಿಯರು ಮರಳಿನ ಮೇಲೆಯೇ ಅಕ್ಷರ ತಿದ್ದಿದವರು. ಕಪಾಟಿನ ಎತ್ತರವು ಮಾತ್ರ ಎರಡೂವರೆ ಅಡಿ ಮೀರದಿರಲಿ, ಬಾಗಿಲೂ ಬೇಡ. ಊರ ಬಡಿಗನನ್ನು ನಾಳೆಯೇ ಕರೆಯಿಸಿರಿ.